ಸಿಬಿಲ್ ತೆಗೆದಾಗ ಸಾಲ ಕೊಡುವವರಿಗೆ ಕಾಣುವುದೇನು, ಕಾಣದಿರುವುದೇನು?

2025ರಲ್ಲಿ ಸಾಲದ ಬಗ್ಗೆ ಎರಡು ಸುದ್ದಿಗಳು ಕೋಲಾರ, ಚಿಕ್ಕಬಳ್ಳಾಪುರದ ಮನೆಮನೆಯ ಮೊಬೈಲಿಗೂ ಬಂದವು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ (ಮೈಕ್ರೋಫೈನಾನ್ಸ್) ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಲೋಕಸಭೆಯಲ್ಲಿ ಒಂದು ಉತ್ತರ ಕೊಟ್ಟರು. ಸಾಲಕ್ಕೆ ಇಂತಿಷ್ಟು ಕನಿಷ್ಠ ಸಿಬಿಲ್ ಸ್ಕೋರ್ (ಹಳೆಯ ಸಾಲ ಕಟ್ಟಿದ ರೀತಿ ನೋಡಿ ಕೊಡುವ ಅಂಕ) ಇರಲೇಬೇಕು ಎಂದು ಆರ್‌ಬಿಐ ಹೇಳಿಲ್ಲ, ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಹಳೆಯ ಸಾಲದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂಬುದು ಆ ಉತ್ತರದ ಸಾರ.

ಮೊದಲನೆಯದನ್ನು ಕೇಳಿದ ಹಲವರು "ಸಂಘದ ಸಾಲ ಮನ್ನಾ ಆಯ್ತು" ಅಂದುಕೊಂಡರು. ಎರಡನೆಯದನ್ನು ಕೇಳಿದವರು "ಇನ್ಮೇಲೆ ಸಿಬಿಲ್ ನೋಡಲ್ವಂತೆ" ಅಂದರು. ಎರಡೂ ನಿಜವಲ್ಲ. ಶ್ರೀನಿವಾಸಪುರದಲ್ಲೋ ಬಾಗೇಪಲ್ಲಿಯಲ್ಲೋ ಬ್ಯಾಂಕಿಗೆ ಹೋದವರಿಗೆ ಈಗಲೂ ಸಿಗುವ ಉತ್ತರ ಹಳೆಯದೇ: "ನಿಮ್ಮ ಸಿಬಿಲ್ ಸರಿ ಇಲ್ಲ." ಯಾವ ಸಾಲದಿಂದ ಸರಿ ಇಲ್ಲ, ಎಷ್ಟು ದಿನದ ಬಾಕಿಯಿಂದ ಸರಿ ಇಲ್ಲ ಎಂದು ಬಿಡಿಸಿ ಹೇಳುವವರು ಕಡಿಮೆ.

ಸಾಲ ಕೊಡುವವರು ಸಿಬಿಲ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ ಬರುವ ಒಂದು ಪರದೆ ನೋಡಿ ತೀರ್ಮಾನ ಮಾಡುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಆ ಪರದೆಯನ್ನು ಒಮ್ಮೆಯೂ ನೋಡಿಲ್ಲ. ಈ ಎರಡು ಜಿಲ್ಲೆಗಳ ಸಾಲದ ಗೋಳಿನಲ್ಲಿ ಅರ್ಧ ಗೊಂದಲ ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಆ ಪರದೆಯಲ್ಲಿ ಏನಿರುತ್ತದೆ ಎಂದು ಸಾವಧಾನವಾಗಿ ನೋಡುವುದು ಒಳ್ಳೆಯದು.

ಯಾರಿಗೂ ಏನೂ ಕಾಣದಿದ್ದ ಕಾಲ

ಸಾಲದ ದಾಖಲೆ ಯಾಕೆ ಬೇಕಾಯಿತು ಎಂಬುದನ್ನು ಕೋಲಾರದವರಿಗೆ ಬೇರೆ ಊರಿನ ಉದಾಹರಣೆ ಕೊಟ್ಟು ಹೇಳಬೇಕಿಲ್ಲ. 2009ರಲ್ಲಿ ಕೋಲಾರ ಪಟ್ಟಣದಲ್ಲೂ ಶಿಡ್ಲಘಟ್ಟದಲ್ಲೂ ಕಿರುಸಾಲದ ಕಂತು ಕಟ್ಟುವುದು ಇದ್ದಕ್ಕಿದ್ದಂತೆ ನಿಂತಿತು. ರೇಷ್ಮೆ ವ್ಯಾಪಾರ ಕುಸಿದಿತ್ತು. ನೂಲು ತೆಗೆಯುವ ಮನೆಗಳ ಹೆಂಗಸರು ಒಂದೇ ಸಮಯದಲ್ಲಿ ಹಲವು ಕಂಪನಿಗಳಿಂದ ಸಾಲ ಪಡೆದಿದ್ದರು. ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ ಎತ್ತುವ ಸ್ಥಿತಿ ಬಂದಿತ್ತು. ಆಗ ಸ್ಥಳೀಯ ಸಮುದಾಯ ಸಂಘಟನೆಯೊಂದು "ಕಟ್ಟಬೇಡಿ" ಎಂದು ಕರೆ ಕೊಟ್ಟಿತು. ವಸೂಲಿ ನಿಂತಿತು. ಕಂಪನಿಗಳು ಹೊಸ ಸಾಲ ನಿಲ್ಲಿಸಿದವು.

ಆ ಬಿಕ್ಕಟ್ಟಿಗೆ ಕಾರಣ ಒಂದೇ ಅಲ್ಲ. ಆದರೆ ಒಂದು ಕಾರಣ ಸ್ಪಷ್ಟ. ಒಂದು ಕಂಪನಿ ಕೊಟ್ಟ ಸಾಲ ಇನ್ನೊಂದಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ. ಬ್ಯಾಂಕ್ ಸಾಲಗಳಿಗೆ ಆಗಲೇ ಸಿಬಿಲ್ ಇತ್ತು, ಅದು ಶುರುವಾಗಿದ್ದು 2000ದಲ್ಲಿ. ಸಾಲದ ಮಾಹಿತಿ ಕಂಪನಿಗಳ ಕಾಯ್ದೆಯೂ 2005ರಲ್ಲೇ ಬಂದಿತ್ತು. ಆದರೆ ಹತ್ತು ಸಾವಿರ, ಹದಿನೈದು ಸಾವಿರದ ಗುಂಪು ಸಾಲಗಳು ಆ ದಾಖಲೆಯೊಳಗೆ ಬರುತ್ತಿರಲಿಲ್ಲ. ಫೀಲ್ಡ್ ಆಫೀಸರ್ ಕೇಳಿದಾಗ "ಬೇರೆ ಸಾಲ ಇಲ್ಲ" ಅಂದರೆ ಅಷ್ಟೇ, ಪರೀಕ್ಷೆ ಮುಗಿಯಿತು.

ಮರುವರ್ಷ ಆಂಧ್ರದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಕಿರುಸಾಲದ ಸಮಸ್ಯೆ ಪರಿಶೀಲಿಸಲು ಆರ್‌ಬಿಐ ಮಾಲೇಗಾಂ ಸಮಿತಿ ನೇಮಿಸಿತು. 2011ರಲ್ಲಿ ಅದರ ವರದಿ ಬಂತು. ಅದೇ ವರ್ಷದ ಕೊನೆಗೆ ಕಿರುಸಾಲ ಕಂಪನಿಗಳಿಗೆ ಪ್ರತ್ಯೇಕ ನಿಯಮ ಬಂತು. ಸಿಬಿಲ್‌ನಂಥ ಸಾಲದ ಮಾಹಿತಿ ಸಂಸ್ಥೆಯ ಸದಸ್ಯರಾಗಿ, ಪ್ರತಿ ಸಾಲವನ್ನೂ ವರದಿ ಮಾಡುವುದು ಕಡ್ಡಾಯವಾಯಿತು. 2015ರಲ್ಲಿ ಇನ್ನೊಂದು ಹೆಜ್ಜೆ. ಎಲ್ಲ ಬ್ಯಾಂಕು, ಫೈನಾನ್ಸ್ ಕಂಪನಿಗಳೂ ದೇಶದ ನಾಲ್ಕೂ ಮಾಹಿತಿ ಸಂಸ್ಥೆಗಳ ಸದಸ್ಯರಾಗಬೇಕು ಎಂದು ಆರ್‌ಬಿಐ ಹೇಳಿತು. ಆ ನಾಲ್ಕು ಅಂದರೆ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾವು ನಾಲ್ಕಕ್ಕೂ ಸೇರಿಸಿ "ಸಿಬಿಲ್" ಅನ್ನುತ್ತೇವೆ. ಕಿರುಸಾಲದವರು ಮಾತ್ರ ಬಹಳ ಕಾಲದಿಂದ ಹೆಚ್ಚಾಗಿ ನೋಡುವುದು ಹೈ ಮಾರ್ಕ್ ಮತ್ತು ಈಕ್ವಿಫ್ಯಾಕ್ಸ್ ವರದಿಗಳನ್ನು. "ನನ್ನ ಸಿಬಿಲ್ ಚೆನ್ನಾಗಿದೆ, ಆದ್ರೂ ಸಂಘದವರು ಆಗಲ್ಲ ಅಂದ್ರು" ಎಂಬ ಗೊಂದಲಕ್ಕೆ ಇದೂ ಒಂದು ಕಾರಣ. ಅವರು ನೋಡಿದ ವರದಿ ಬೇರೆ ಇರಬಹುದು.

ಪರದೆಯ ಮೇಲೆ ಬರುವುದು

ಅರ್ಜಿ ಹಾಕಿದ ಮೇಲೆ ಬ್ಯಾಂಕಿನವರು ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ, ಫೋನ್ ನಂಬರ್ ಹಾಕಿ ಹುಡುಕುತ್ತಾರೆ. ಕೆಲವೇ ಕ್ಷಣದಲ್ಲಿ ವರದಿ ಬರುತ್ತದೆ. ಮೇಲೆ ಒಂದು ಅಂಕಿ: 300ರಿಂದ 900ರ ನಡುವಿನ ಸ್ಕೋರ್. ಎಲ್ಲರ ಮಾತೂ ಈ ಅಂಕಿಯ ಸುತ್ತಲೇ. ಆದರೆ ಸಾಲ ಮಂಜೂರು ಮಾಡುವ ಅಧಿಕಾರಿ ಓದುವುದು ಅದರ ಕೆಳಗಿರುವ ಪುಟಗಳನ್ನು.

ಮೊದಲು ಗುರುತಿನ ಭಾಗ. ಇಲ್ಲಿ ನೀವು ಈಗ ಕೊಟ್ಟ ವಿಳಾಸವಷ್ಟೇ ಅಲ್ಲ, ಹಿಂದೆ ಬೇರೆ ಬೇರೆ ಸಾಲಕ್ಕೆ ಕೊಟ್ಟ ವಿಳಾಸಗಳೂ, ಹಳೆಯ ಫೋನ್ ನಂಬರ್‌ಗಳೂ ಬರುತ್ತವೆ. ಗೌರಿಬಿದನೂರಿನ ತವರಿನ ವಿಳಾಸದಲ್ಲಿ ಒಂದು ಸಾಲ, ಮಾಲೂರಿನ ಗಂಡನ ಮನೆ ವಿಳಾಸದಲ್ಲಿ ಇನ್ನೊಂದು ಸಾಲ ಇದ್ದರೆ ಎರಡೂ ಒಂದೇ ಕಡೆ ಕಾಣುತ್ತವೆ.

ಮುಂದಿನದು ಮುಖ್ಯ ಭಾಗ, ಸಾಲದ ಖಾತೆಗಳು. ಪ್ರತಿ ಸಾಲಕ್ಕೂ ಒಂದೊಂದು ಚೌಕ. ಯಾವ ಬಗೆಯ ಸಾಲ, ಯಾವತ್ತು ತೆಗೆದದ್ದು, ಎಷ್ಟು ಮಂಜೂರಾಯಿತು, ಈಗ ಎಷ್ಟು ಬಾಕಿ, ಅದರಲ್ಲಿ ಕಟ್ಟುವ ದಿನ ದಾಟಿದ್ದು ಎಷ್ಟು, ಕೊನೆಯ ಸಲ ಯಾವಾಗ ಕಟ್ಟಿದ್ದು, ಮುಗಿದಿದ್ದರೆ ಯಾವತ್ತು ಮುಗಿಯಿತು. ಚಿನ್ನದ ಸಾಲ, ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ, ಕ್ರೆಡಿಟ್ ಕಾರ್ಡ್, ಗುಂಪು ಸಾಲ ಎಲ್ಲವೂ ಇಲ್ಲಿವೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುವ ಹುಡುಗರು ಕಂತಿನಲ್ಲಿ ಫೋನ್ ತಗೊಂಡರೆ ಅದೂ ಒಂದು ಸಾಲವೇ. "ಸುಮ್ನೆ ಒಂದು ಫೋನ್ ಅಲ್ವಾ" ಎಂದು ಕೊನೆಯ ಎರಡು ಕಂತು ಬಿಟ್ಟರೆ ಅದು ಮುಂದೆ ಮನೆ ಸಾಲದ ಅರ್ಜಿಯ ಎದುರು ಬಂದು ನಿಲ್ಲುತ್ತದೆ.

ಪ್ರತಿ ಚೌಕದ ಕೆಳಗೆ ತಿಂಗಳ ಸಾಲು ಇರುತ್ತದೆ. ಹಿಂದಿನ 36 ತಿಂಗಳವರೆಗಿನ ಲೆಕ್ಕ. ಪ್ರತಿ ತಿಂಗಳಿಗೂ ಒಂದು ಸಂಖ್ಯೆ: ಕಂತಿನ ದಿನ ದಾಟಿ ಎಷ್ಟು ದಿನ ಆಗಿದೆ ಎಂದು. ಸೊನ್ನೆ ಇದ್ದರೆ ಸರಿಯಾಗಿ ಕಟ್ಟಿದ್ದೀರಿ. 30 ಇದ್ದರೆ ಒಂದು ತಿಂಗಳು ತಡ. 90 ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಬೆಳೆ ಸಾಲಕ್ಕೆ ಈ 90 ದಿನದ ಗಡಿ ಇಲ್ಲ, ಅಲ್ಪಾವಧಿ ಬೆಳೆಗಾದರೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗಾದರೆ ಒಂದು ಹಂಗಾಮು ಕಾಯುತ್ತಾರೆ. ಅನುಭವಿ ಅಧಿಕಾರಿ ಸ್ಕೋರ್‌ಗಿಂತ ಈ ಸಾಲನ್ನೇ ಹೆಚ್ಚು ನಂಬುತ್ತಾರೆ. ಅದು ಸರಿಯಾದ ಕ್ರಮವೂ ಹೌದು. ಮೂರು ವರ್ಷ ಹಿಂದೆ ಎಡವಿ ಆಮೇಲೆ ನೆಟ್ಟಗೆ ಕಟ್ಟಿದವರಿಗೂ, ಮೂರು ತಿಂಗಳ ಹಿಂದಷ್ಟೇ ನಿಲ್ಲಿಸಿದವರಿಗೂ ವ್ಯತ್ಯಾಸ ತಿಳಿಯುವುದು ಇಲ್ಲಿ.

ಕೊನೆಯದು ವಿಚಾರಣೆಗಳ ಪಟ್ಟಿ. ನಿಮ್ಮ ವರದಿಯನ್ನು ಯಾವ ದಿನ, ಎಷ್ಟು ಮೊತ್ತದ, ಯಾವ ಬಗೆಯ ಸಾಲಕ್ಕಾಗಿ ತೆಗೆದು ನೋಡಿದ್ದಾರೆ ಎಂಬ ದಾಖಲೆ ಅದು. ಒಂದು ಕಡೆ ಸಾಲ ಸಿಗಲಿಲ್ಲ ಅಂತ ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದರೆ ಆರನೆಯವರಿಗೆ ಆ ಐದೂ ಕಾಣುತ್ತವೆ. "ಇವರಿಗೆ ದುಡ್ಡಿನ ತುರ್ತು ಜಾಸ್ತಿ ಇದೆ, ಬೇರೆಯವರು ಕೊಟ್ಟಿಲ್ಲ" ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಸ್ಕೋರೂ ಇಳಿಯುವುದಿಲ್ಲ. ಈ ಭಯದಿಂದಲೇ ವರದಿ ನೋಡದೆ ಉಳಿದವರು ಬಹಳ ಮಂದಿ ಇದ್ದಾರೆ, ಆ ಭಯ ಬೇಡ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿಯದು. ಸಿಬಿಲ್ ವರದಿ ತೆಗೆದ ಬ್ಯಾಂಕಿಗೆ ನಿಮ್ಮ ಉಳಿದ ಸಾಲಗಳು ಕಾಣುತ್ತವೆ, ಆದರೆ ಅವನ್ನು ಕೊಟ್ಟವರ ಹೆಸರು ಕಾಣುವುದಿಲ್ಲ. ತನ್ನ ಸಾಲದ ಮುಂದೆ ತನ್ನ ಹೆಸರು, ಬೇರೆಯವರ ಸಾಲದ ಮುಂದೆ ಹೆಸರು ಬಹಿರಂಗಪಡಿಸಿಲ್ಲ ಎಂಬ ಮಾತು. ಅದೇ ವರದಿಯನ್ನು ನೀವು ತೆಗೆದರೆ ಎಲ್ಲ ಹೆಸರೂ ಇರುತ್ತವೆ. ಈ ಒಂದು ವಿಷಯದಲ್ಲಿ ಬ್ಯಾಂಕಿಗಿಂತ ನಿಮಗೇ ಹೆಚ್ಚು ಕಾಣುತ್ತದೆ.

ಅಲ್ಲಿ ಇಲ್ಲದಿರುವುದು

ಉಳಿತಾಯ ಖಾತೆಯಲ್ಲಿ ಎಷ್ಟಿದೆ, ಠೇವಣಿ ಎಷ್ಟು, ಎಲ್‌ಐಸಿ ಪಾಲಿಸಿ ಇದೆಯೇ, ಫೋನ್‌ಪೇಯಲ್ಲಿ ಯಾರಿಗೆ ಎಷ್ಟು ಕಳಿಸಿದಿರಿ, ಇದ್ಯಾವುದೂ ಈ ವರದಿಯಲ್ಲಿ ಇರುವುದಿಲ್ಲ. ಜಾತಿ, ಧರ್ಮ ಇಲ್ಲ. ಆಸ್ಪತ್ರೆಯ ವಿವರ ಇಲ್ಲ. ಸಾಹುಕಾರರ ಮೀಟರ್ ಬಡ್ಡಿ ಸಾಲ ಇಲ್ಲ, ಊರಿನ ಚೀಟಿಯ ಲೆಕ್ಕ ಇಲ್ಲ. ಡೇರಿಗೆ ದಿನಾ ಹಾಲು ಹಾಕಿ ಬರುವ ಬಟವಾಡೆಯೂ ಇಲ್ಲ.

ಇವುಗಳಲ್ಲಿ ಕೆಲವನ್ನು ಬ್ಯಾಂಕು ಬೇರೆ ಕಿಟಕಿಯಿಂದ ನೋಡುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತದೆ, ಅಥವಾ ನಿಮ್ಮ ಒಪ್ಪಿಗೆ ಪಡೆದು ಅಕೌಂಟ್ ಅಗ್ರಿಗೇಟರ್ (ಖಾತೆಯ ವಿವರ ತಲುಪಿಸುವ ಮಧ್ಯವರ್ತಿ ಸಂಸ್ಥೆ) ಮೂಲಕ ತರಿಸಿಕೊಳ್ಳುತ್ತದೆ. ಜಮೀನಿನ ಮೇಲೆ ಸಾಲ ಇದೆಯೇ ಎಂದು ತಿಳಿಯಲು ಪಹಣಿಯ 11ನೇ ಕಾಲಂ ನೋಡುತ್ತದೆ. ಹೀಗಾಗಿ ಸಿಬಿಲ್ ಸ್ವಚ್ಛವಾಗಿದ್ದೂ ಪಹಣಿಯಲ್ಲಿ ತಾತನ ಕಾಲದ ಸಾಲದ ನಮೂದು ಉಳಿದಿದ್ದರೆ ಅರ್ಜಿ ನಿಲ್ಲುತ್ತದೆ. ಇದನ್ನೂ ಜನ "ಸಿಬಿಲ್ ಪ್ರಾಬ್ಲಂ" ಅನ್ನುತ್ತಾರೆ. ಆದರೆ ಇದಕ್ಕೆ ಪರಿಹಾರ ಬೇರೆ: ಸಾಲ ತೀರಿದ ಪತ್ರ ತಂದು ಕಂದಾಯ ಇಲಾಖೆಯಲ್ಲಿ ಆ ಋಣದ ನಮೂದು ತೆಗೆಸಬೇಕು.

ಎಲ್ಲಕ್ಕಿಂತ ದೊಡ್ಡ ಗೈರು ಅಂದರೆ ಕಾರಣ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದು, ಬಾಕ್ಸ್‌ಗಳನ್ನು ರಸ್ತೆ ಬದಿಗೆ ಸುರಿದ ತಿಂಗಳಲ್ಲಿ ಕಂತು ತಪ್ಪಿರಬಹುದು. ಶಿಡ್ಲಘಟ್ಟದಲ್ಲಿ ಗೂಡಿನ ದರ ಇಳಿದಾಗ ತಪ್ಪಿರಬಹುದು. ಮನೆಯಲ್ಲಿ ಸಾವಾಗಿರಬಹುದು. ಪರದೆಯಲ್ಲಿ ಬರುವುದು "60" ಎಂಬ ಸಂಖ್ಯೆ ಮಾತ್ರ. ಡೇರಿಯ ಯಂತ್ರ ಹಾಲಿನ ಫ್ಯಾಟ್ ಎಷ್ಟೆಂದು ಹೇಳುತ್ತದೆ, ಹಸುವಿಗೆ ಮೇವು ಯಾಕೆ ಕಡಿಮೆಯಾಯಿತು ಎಂದು ಹೇಳುವುದಿಲ್ಲ, ಹಾಗೆ. ಕಾರಣ ಕೇಳುವ ಕೆಲಸ ಮನುಷ್ಯರದು. ಆ ಕೇಳುವಿಕೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಶಾಖೆಯ ಮ್ಯಾನೇಜರ್ ಊರಿನವರನ್ನು ಬಲ್ಲ ಕಾಲ ಹೋಗಿ, ದೂರದ ಕಚೇರಿಯ ಕಂಪ್ಯೂಟರ್ ಹೌದು ಅಥವಾ ಇಲ್ಲ ಅನ್ನುವ ಕಾಲ ಬಂದಿದೆ. ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿ ಬದುಕುವ ಜಿಲ್ಲೆಗಳಿಗೆ ಇದು ಸಣ್ಣ ನಷ್ಟವಲ್ಲ.

ಹದಿನೈದು ದಿನದ ಸಂದು

ವರದಿ ಎಷ್ಟು ತಾಜಾ ಇರುತ್ತದೆ ಎಂಬುದೂ ಮುಖ್ಯ. 2024ರ ಕೊನೆಯವರೆಗೆ ಸಾಲ ಕೊಟ್ಟವರು ತಿಂಗಳಿಗೊಮ್ಮೆ ಮಾಹಿತಿ ಕಳಿಸುತ್ತಿದ್ದರು. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ಕಳಿಸುವುದು ಕಡ್ಡಾಯವಾಯಿತು. ಆ ನಿಯಮದಂತೆ ತಿಂಗಳ 15ರ ಮತ್ತು ಕೊನೆಯ ದಿನದ ಲೆಕ್ಕವನ್ನು ಏಳು ದಿನದೊಳಗೆ ಮುಟ್ಟಿಸಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಇದನ್ನು ವಾರಕ್ಕೊಮ್ಮೆ ಮಾಡುವ ಕರಡನ್ನೂ ಹೊರಡಿಸಿತು.

ಈ ಸಂದು ಯಾಕೆ ಮುಖ್ಯ? ಹದಿನೈದು ದಿನದ ನಿಯಮದಲ್ಲಿ ಒಂದು ಲೆಕ್ಕ ಹಾಕೋಣ. ಚಿಂತಾಮಣಿಯ ಒಬ್ಬ ಹೆಣ್ಣುಮಗಳು 2ನೇ ತಾರೀಕು ಒಂದು ಕಂಪನಿಯಿಂದ ಸಾಲ ಪಡೆಯುತ್ತಾಳೆ. ಆ ಸಾಲ 15ರ ಲೆಕ್ಕದಲ್ಲಿ ಸೇರಿ, ಮಾಹಿತಿ ಸಂಸ್ಥೆಗೆ ಹೋಗಿ, ವರದಿಯಲ್ಲಿ ಕಾಣುವ ಹೊತ್ತಿಗೆ 22ನೇ ತಾರೀಕು ದಾಟಬಹುದು. ನಡುವೆ 10ನೇ ತಾರೀಕು ಇನ್ನೊಂದು ಕಂಪನಿಯವರು ವರದಿ ತೆಗೆದರೆ ಮೊದಲ ಸಾಲ ಕಾಣುವುದಿಲ್ಲ. 12ಕ್ಕೆ ಮೂರನೆಯವರು ಬಂದರೆ ಎರಡೂ ಕಾಣುವುದಿಲ್ಲ. ವಿಚಾರಣೆ ನಡೆದ ಗುರುತು ಇರಬಹುದು, ಆದರೆ ಸಾಲ ಕೊಟ್ಟದ್ದು ಖಚಿತವಿಲ್ಲ. ತಿಂಗಳೊಳಗೆ ಒಬ್ಬರ ತಲೆಯ ಮೇಲೆ ಮೂರು ಸಾಲ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ದಾಖಲೆ ತಡವಾದರೆ ಸಾಕು. ತಿಂಗಳಿಗೊಮ್ಮೆ ಕಳಿಸುತ್ತಿದ್ದಾಗ ಈ ಸಂದು ಇನ್ನೂ ಅಗಲವಾಗಿತ್ತು.

ಇದೇ ಸಂದು ತಿರುಗಿಯೂ ಹೊಡೆಯುತ್ತದೆ. ಇವತ್ತು ಬಾಕಿ ಕಟ್ಟಿ ನಾಳೆಯೇ ಬೇರೆ ಕಡೆ ಅರ್ಜಿ ಹಾಕಿದರೆ ಹಳೆಯ ಬಾಕಿಯೇ ಕಾಣುತ್ತದೆ. ಕಟ್ಟಿದ ರಸೀದಿ ತೋರಿಸುವುದೊಂದೇ ಆಗ ದಾರಿ.

ಕಿರುಸಾಲದವರು ಎಣಿಸುವ ರೀತಿ

ಬ್ಯಾಂಕಿಗೆ ಸ್ಕೋರ್ ಮುಖ್ಯವಾದರೆ ಕಿರುಸಾಲ ಕಂಪನಿಗೆ ಎಣಿಕೆ ಮುಖ್ಯ. 2022ರ ಏಪ್ರಿಲ್‌ನಿಂದ ಜಾರಿಯಾದ ಆರ್‌ಬಿಐ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬದ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಹೆಂಡತಿ ಸಾಲ ಕೇಳಿದಾಗ ಗಂಡನ ದಾಖಲೆಗಳನ್ನೂ ಕೇಳುತ್ತಾರೆ. ಅವನ ಬೈಕ್ ಸಾಲದ ಕಂತೂ ಅವಳ ಲೆಕ್ಕಕ್ಕೆ ಬರುತ್ತದೆ.

ಇದರ ಮೇಲೆ ಕಂಪನಿಗಳ ಒಕ್ಕೂಟವಾದ ಎಂಫಿನ್ ತನ್ನದೇ ಬೇಲಿ ಹಾಕಿಕೊಂಡಿದೆ. ಒಬ್ಬರಿಗೆ ಹೆಚ್ಚೆಂದರೆ ಮೂರು ಸಂಸ್ಥೆಗಳ ಕಿರುಸಾಲ, ಒಟ್ಟು 2 ಲಕ್ಷ ರೂಪಾಯಿ ಮಿತಿ. ಮೊದಲು ನಾಲ್ಕು ಸಂಸ್ಥೆಗಳವರೆಗೆ ಇದ್ದದ್ದು 2025ರ ಏಪ್ರಿಲ್‌ನಿಂದ ಮೂರಕ್ಕೆ ಇಳಿಯಿತು. ಇದರ ಪರಿಣಾಮ ನೋಡಿ. ನಾಲ್ಕು ಕಡೆ ಸಾಲ ಇದ್ದು, ಒಂದನ್ನು ತೀರಿಸಿದ ಕೂಡಲೇ ಮತ್ತೆ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಮನೆ ನಡೆಸುತ್ತಿದ್ದವರಿಗೆ ಆ ಸಾಲ ಮತ್ತೆ ಸಿಗಲಿಲ್ಲ. ಹೊಸ ಸಾಲದಿಂದ ಹಳೆಯ ಕಂತು ಕಟ್ಟುವ ಚಕ್ರ ನಿಂತಿತು. ಒಂದೂ ಕಂತು ತಪ್ಪಿಸದಿದ್ದವರು ಮೊದಲ ಸಲ ತಪ್ಪಿಸಿದರು. ನಿಯಮ ಒಳ್ಳೆಯದೇ, ಬರಬೇಕಾಗಿದ್ದೇ. ಆದರೆ ಸಾಲವನ್ನು ಸುರಿದು ಸುರಿದು ಕೊಟ್ಟ ಮೇಲೆ ನಲ್ಲಿಯನ್ನು ಒಮ್ಮೆಲೇ ತಿರುಗಿಸಿದ್ದರ ಭಾರ ಬಿದ್ದದ್ದು ಸಾಲ ಪಡೆದವರ ಮೇಲೆ.

ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿ ಇದೆ: ಹೆಸರು ಕೊಡುವುದು. ಪಕ್ಕದ ಮನೆಯವರಿಗೆ ದುಡ್ಡು ಬೇಕು, ಅವರಿಗೆ ಮಿತಿ ಮುಗಿದಿದೆ. ನಿಮ್ಮ ಹೆಸರಿನಲ್ಲಿ ಸಾಲ ತೆಗೆದು ಅವರಿಗೆ ಕೊಡುತ್ತೀರಿ, ಕಂತು ಅವರು ಕಟ್ಟುತ್ತಾರೆ ಎಂಬ ಮಾತು. ಈ ಮಾತು ಪರದೆಯಲ್ಲಿ ಎಲ್ಲೂ ಇಲ್ಲ. ಅವರು ಕಟ್ಟದಿದ್ದರೆ "90" ಎಂದು ಬರುವುದು ನಿಮ್ಮ ಹೆಸರಿನ ಮುಂದೆ. ಜಾಮೀನು ಹಾಕಿದ ಸಾಲವೂ ಹಾಗೆಯೇ ನಿಮ್ಮ ವರದಿಯಲ್ಲಿ ಜಾಮೀನುದಾರ ಎಂಬ ಗುರುತಿನೊಂದಿಗೆ ಇರುತ್ತದೆ.

ದಾಖಲೆಯೇ ಇಲ್ಲದವರು

ಈಗ ಲೋಕಸಭೆಯ ಉತ್ತರಕ್ಕೆ ಬರೋಣ. ಎಂದೂ ಸಾಲ ಪಡೆಯದವರ ವರದಿಯಲ್ಲಿ ಸ್ಕೋರ್ ಜಾಗದಲ್ಲಿ ಮೈನಸ್ ಒಂದು ಎಂದೋ ಇತಿಹಾಸ ಇಲ್ಲ ಎಂದೋ ಬರುತ್ತದೆ. ಅದು ಕೆಟ್ಟ ಅಂಕ ಅಲ್ಲ, ಅಂಕವೇ ಇಲ್ಲ ಅಂತ ಅರ್ಥ. ಇವರನ್ನು ಅದೊಂದೇ ಕಾರಣಕ್ಕೆ ತಿರಸ್ಕರಿಸಬೇಡಿ ಎಂದು 2025ರ ಜನವರಿ 6ರ ಆರ್‌ಬಿಐ ನಿರ್ದೇಶನ ಹೇಳಿತು. ಇದರಾಚೆ ಅದು ಏನನ್ನೂ ಕೊಟ್ಟಿಲ್ಲ. ಸಾಲ ಕೊಡಲೇಬೇಕು ಎಂದಿಲ್ಲ, ವರದಿ ತೆಗೆಯಬಾರದು ಎಂದಿಲ್ಲ. ಈಗಾಗಲೇ ಸಾಲ ಪಡೆದು ಬಾಕಿ ಉಳಿಸಿಕೊಂಡವರಿಗೆ ಇದು ಅನ್ವಯಿಸುವುದೇ ಇಲ್ಲ.

ಬ್ಯಾಂಕಿನವರ ವಾದ ಹೀಗಿದೆ: ಠೇವಣಿದಾರರ ಹಣವನ್ನು ಕೊಡುತ್ತೇವೆ, ದಾಖಲೆ ಇಲ್ಲದವರಿಗೆ ಹೇಗೆ ನಂಬಿ ಕೊಡುವುದು? ರೈತ ಸಂಘಟನೆಗಳ ವಾದ ಬೇರೆ: ಬೆಳೆ ಸಾಲಕ್ಕೆ ಜಮೀನಿದೆ, ಪಹಣಿ ಇದೆ, ಸ್ಕೋರ್ ಯಾಕೆ ಬೇಕು? ಎರಡರಲ್ಲೂ ಸತ್ಯವಿದೆ. ಆದರೆ ಸಾಲ ನಿರಾಕರಿಸಿದರೆ ಬೇಡಿಕೆ ಮಾಯವಾಗುವುದಿಲ್ಲ. ಬಿತ್ತನೆಗೆ, ಮಗಳ ಕಾಲೇಜಿಗೆ, ಬೋರ್‌ವೆಲ್‌ಗೆ ದುಡ್ಡು ಬೇಕೇ ಬೇಕು. ಸಾವಿರ ಅಡಿ ದಾಟಿ ಬೋರ್ ಕೊರೆಸುವ ಸೀಮೆ ಇದು. ಬ್ಯಾಂಕ್ ಬಾಗಿಲು ಮುಚ್ಚಿದರೆ ಮುಂದಿನ ಬಾಗಿಲು ಸಾಹುಕಾರರದು. ಅಲ್ಲಿ ಎಷ್ಟೇ ಸರಿಯಾಗಿ ಕಟ್ಟಿದರೂ ಅದು ಯಾವ ವರದಿಗೂ ಸೇರುವುದಿಲ್ಲ. ಮುಂದಿನ ಸಲವೂ ಬ್ಯಾಂಕಿನ ಕಣ್ಣಿಗೆ ಇವರು ದಾಖಲೆ ಇಲ್ಲದವರೇ. ಹಾಗಾಗಿ ಮೊದಲ ಸಾಲವನ್ನು ಸಣ್ಣದಾಗಿಯಾದರೂ ಬ್ಯಾಂಕು ಕೊಡುವುದರಲ್ಲಿ ಎಲ್ಲರಿಗೂ ಲಾಭವಿದೆ. ಅಡಮಾನವಿಲ್ಲದ ಕೃಷಿ ಸಾಲದ ಮಿತಿಯನ್ನು ಆರ್‌ಬಿಐ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದ್ದು ಇದೇ 2025ರ ಜನವರಿಯಿಂದ. ಆ ಅವಕಾಶ ಶಾಖೆಯ ಮಟ್ಟದಲ್ಲಿ ಬಳಕೆಯಾಗಬೇಕು.

ಮನ್ನಾ, ಸೆಟಲ್‌ಮೆಂಟ್, ರೈಟ್ ಆಫ್

ಫೆಬ್ರುವರಿಯ ಸುಗ್ರೀವಾಜ್ಞೆ ಆಮೇಲೆ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಸಾಲ ರದ್ದು ಎಂಬ ಮಾತೂ ಅದರಲ್ಲಿದೆ. ಆದರೆ ಅದು ನೋಂದಣಿ, ಪರವಾನಗಿ ಇಲ್ಲದ ಲೇವಾದೇವಿದಾರರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕೆ ಮಾತ್ರ. ಆರ್‌ಬಿಐನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಹಾಗೆಯೇ ಉಳಿಯುತ್ತದೆ. ಮನೆ ಮುಂದೆ ಬಂದು ಬೈಯುವ ಹಕ್ಕು ಅವರಿಗಿಲ್ಲ, ಬಾಕಿಯನ್ನು ವರದಿ ಮಾಡುವುದು ಮಾತ್ರ ನಿಲ್ಲುವುದಿಲ್ಲ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡದೆ ಕಂತು ನಿಲ್ಲಿಸಿದವರ ತಿಂಗಳ ಸಾಲಿನಲ್ಲಿ 30, 60, 90 ಎಂದು ಏರುತ್ತಾ ಹೋಯಿತು.

ಕೆಲವು ಗುರುತುಗಳ ಅರ್ಥ ತಿಳಿದಿರಬೇಕು. "ಕ್ಲೋಸ್ಡ್" ಅಂದರೆ ಪೂರ್ತಿ ತೀರಿದೆ. "ಸೆಟಲ್ಡ್" ಅಂದರೆ ಕಟ್ಟಬೇಕಾದ್ದಕ್ಕಿಂತ ಕಡಿಮೆ ಪಡೆದು ಮುಗಿಸಿದ್ದಾರೆ. ಒಂದೇ ಸಲ ಇಷ್ಟು ಕಟ್ಟಿ, ಉಳಿದದ್ದು ಬಿಡ್ತೀವಿ ಎಂದು ಬರುವ ಫೋನ್ ಕರೆಗಳು ಇದರ ಬಗ್ಗೆಯೇ. ಕೈಯಲ್ಲಿ ಆಗದಿದ್ದರೆ ಅದೂ ಒಂದು ದಾರಿ. ಆದರೆ ಮುಂದೆ ವರದಿ ನೋಡುವವರು ಅದನ್ನು ನಷ್ಟ ಮಾಡಿದ ಸಾಲ ಎಂದೇ ಓದುತ್ತಾರೆ. "ರಿಟನ್ ಆಫ್" ಅಂದರೆ ಬ್ಯಾಂಕು ತನ್ನ ಪುಸ್ತಕದಲ್ಲಿ ಬದಿಗಿಟ್ಟಿದೆ, ನಿಮಗೆ ಬಿಟ್ಟುಕೊಟ್ಟಿಲ್ಲ. ವಸೂಲಿ ಮುಂದುವರಿಯುತ್ತದೆ. ಇದನ್ನು ಮನ್ನಾ ಎಂದು ತಿಳಿದು ನೆಮ್ಮದಿಯಾಗಿರುವವರ ಸಂಕಟ ದೊಡ್ಡದು. ಹೊಸ ಸಾಲಕ್ಕೆ ಹೋದಾಗಲೇ ಅವರಿಗೆ ವಿಷಯ ಗೊತ್ತಾಗುವುದು.

ಈ ಮಾಹಿತಿಯನ್ನು ಸಂಸ್ಥೆಗಳು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು. 2025ರಲ್ಲಿ ಬಿದ್ದ ಗುರುತು 2032ರಲ್ಲೂ ದಾಖಲೆಯಲ್ಲಿ ಇರಬಹುದು.

ಆ್ಯಪ್‌ನವರ ಬೆದರಿಕೆ

ಐದು ಸಾವಿರ, ಹತ್ತು ಸಾವಿರ ಕೊಡುವ ಮೊಬೈಲ್ ಆ್ಯಪ್‌ಗಳು "ಕಟ್ಟದಿದ್ರೆ ಸಿಬಿಲ್ ಹಾಳು ಮಾಡ್ತೀವಿ" ಎಂದು ಹೆದರಿಸುತ್ತವೆ. ಆರ್‌ಬಿಐ ನೋಂದಣಿ ಇರುವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಹಿಂದಿದ್ದರೆ ಅದು ನಿಜ, ಅಂಥ ಸಾಲ ಎಷ್ಟೇ ಚಿಕ್ಕದಾದರೂ ವರದಿಯಾಗುತ್ತದೆ. ಹಿಂದೆ ಯಾರೂ ಇಲ್ಲದ ಕಳ್ಳ ಆ್ಯಪ್ ಆದರೆ ಅವರಿಗೆ ಮಾಹಿತಿ ಸಂಸ್ಥೆಗೆ ಏನನ್ನೂ ಕಳಿಸುವ ಅಧಿಕಾರವಿಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿಗಳು ಬಳಸುವ ಆ್ಯಪ್‌ಗಳ ಪಟ್ಟಿಯನ್ನು 2025ರ ಜುಲೈನಿಂದ ಆರ್‌ಬಿಐ ತನ್ನ ವೆಬ್‌ಸೈಟ್‌ನಲ್ಲಿ ಇಟ್ಟಿದೆ. ಕಿರುಕುಳ ಕೊಟ್ಟರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ತಪ್ಪು ಕಂಡರೆ

ಒಂದೇ ಹೆಸರು, ಒಂದೇ ಊರಿನ ಇಬ್ಬರ ಸಾಲ ಕಲಸಿಹೋಗುವುದು, ತೀರಿದ ಸಾಲ ಬಾಕಿ ಎಂದೇ ಉಳಿಯುವುದು, ತೆಗೆಯದ ಸಾಲ ಕಾಣುವುದು ಎಲ್ಲವೂ ಆಗುತ್ತವೆ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಸ್ಕೋರ್ ಸಮೇತ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ಸಂಸ್ಥೆ ಬದಲಿಸಿ ತೆಗೆದರೆ ವರ್ಷವಿಡೀ ಪುಕ್ಕಟೆ ಕಣ್ಣಿಡಬಹುದು. ಸಾಲದ ಅರ್ಜಿ ಹಾಕಿದವರು ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ಬ್ಯಾಂಕಿನಿಂದಲೇ ಕೇಳಬಹುದು, 2005ರ ಕಾಯ್ದೆಯ 21ನೇ ಕಲಂ ಈ ಹಕ್ಕು ಕೊಟ್ಟಿದೆ. "ಸಿಬಿಲ್ ಸರಿ ಇಲ್ಲ" ಎಂಬ ಮಾತಿಗೆ ಮೊದಲ ಮರುಪ್ರಶ್ನೆ ಇದೇ ಆಗಬೇಕು: ವರದಿ ಕೊಡಿ, ಯಾವ ಸಾಲ ಅಂತ ನೋಡ್ತೀನಿ.

ದೂರನ್ನು ಸಾಲ ಕೊಟ್ಟ ಸಂಸ್ಥೆಗೆ ಅಥವಾ ಮಾಹಿತಿ ಸಂಸ್ಥೆಗೆ ಕೊಡಬಹುದು. ಮಾಹಿತಿ ಸಂಸ್ಥೆಗೆ ಕೊಟ್ಟರೆ ಸಾಲ ಕೊಟ್ಟವರು 21 ದಿನದೊಳಗೆ ಉತ್ತರಿಸಬೇಕು, ಒಟ್ಟು 30 ದಿನದಲ್ಲಿ ದೂರು ಇತ್ಯರ್ಥವಾಗಬೇಕು. ಆಗದಿದ್ದರೆ 2024ರ ಏಪ್ರಿಲ್ 26ರಿಂದ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಅದಕ್ಕೂ ಬಗ್ಗದಿದ್ದರೆ ದೂರು ಕೇಳಿ ತೀರ್ಮಾನಿಸುವ ಆರ್‌ಬಿಐ ಓಂಬುಡ್ಸ್‌ಮನ್ ಇದ್ದಾರೆ. ಬ್ಯಾಂಕುಗಳ ಜೊತೆಗೆ ಮಾಹಿತಿ ಸಂಸ್ಥೆಗಳೂ 2022ರ ಸೆಪ್ಟೆಂಬರ್‌ನಿಂದ ಆ ವ್ಯಾಪ್ತಿಗೆ ಬಂದಿವೆ. ದೂರಿನ ಮಾಹಿತಿಗೆ 14448.

ತೊಡಕು ಏನೆಂದರೆ ಈ ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ತೆಗೆಯಲು ಸ್ಮಾರ್ಟ್‌ಫೋನ್, ನಂಬರಿಗೆ ಬರುವ ಒಟಿಪಿ ಬೇಕು. ಸೆಂಟರ್ ಮೀಟಿಂಗ್‌ಗೆ, ಅಂದರೆ ಗುಂಪು ಸಾಲದ ಕಂತು ಕಟ್ಟುವ ಸಭೆಗೆ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಯ ಸಾಲಕ್ಕೆ ಕೊಟ್ಟ ಫೋನ್ ನಂಬರ್ ಗಂಡನದು ಅಥವಾ ಮಗನದು. ವರದಿಯನ್ನು ಯಾರಾದರೂ ತೆಗೆದು ನೋಡಿದಾಗ ಬರುವ ಎಸ್‌ಎಂಎಸ್ ಎಚ್ಚರಿಕೆಯೂ ಆ ನಂಬರಿಗೇ ಹೋಗುತ್ತದೆ. ಹಾಗಾಗಿ ಸಾಲದ ದಾಖಲೆಯಲ್ಲಿ ತನ್ನದೇ ನಂಬರ್ ಇದೆಯೇ ಎಂದು ನೋಡಿಕೊಳ್ಳುವುದು ಮೊದಲ ಕೆಲಸ. ಕಿರುಸಾಲ ಕಂಪನಿಗಳು ಕಂತಿನ ಕಾರ್ಡಿನ ಜೊತೆಗೆ ವರ್ಷಕ್ಕೊಮ್ಮೆ ಈ ವರದಿಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಸೆಂಟರ್ ಮೀಟಿಂಗ್‌ನಲ್ಲೇ ಓದಿ ಹೇಳುವಂತೆ ಜಿಲ್ಲಾಡಳಿತ ಕೇಳಬಹುದು. ಸಾಲ ಕೊಡುವ ಮುಂಚೆ ಹೇಗೂ ಅವರು ಅದನ್ನು ತೆಗೆದೇ ಇರುತ್ತಾರೆ.